ಚಿಣ್ಣಿಯ ರಚ್ಚೆ, ನೀಲವ್ವನ ಅನುಮಾನ

ಮಕ್ಕಳೇ, ಕಾಡಿನ ನಡುವೆ ಒಂದು ಮಡು ಇತ್ತು. ಅದರ ದಡದ ಬಿಲದಲ್ಲಿ ನೀಲವ್ವ ಎಂಬ ನೀರುನಾಯಿ ತನ್ನ ಮರಿ ಚಿಣ್ಣಿಯ ಜೊತೆ ವಾಸವಾಗಿದ್ದಳು. ನೀಲವ್ವನಿಗೆ ಕಂಡವರ ಮೇಲೆಲ್ಲ ಅನುಮಾನ. ಪಕ್ಕದ ಕೊಕ್ಕರೆ ಒಂಟಿ ಕಾಲಲ್ಲಿ ನಿಂತರೂ, "ಇವಳಿಗೆ ಇಲ್ಲೇನು ಕೆಲಸ?" ಎಂದು ಹುಬ್ಬು ಗಂಟಿಕ್ಕುತ್ತಿದ್ದಳು.

ಚಿಣ್ಣಿಗೋ ಮಾತೆತ್ತಿದರೆ ರಚ್ಚೆ. ಹಿಡಿದ ಏಡಿ ಜಾರಿದರೆ ಸಾಕು, ನೀರಿಗೆ ಬಾಲ ಬಡಿದು ಕಾಡು ಕಿತ್ತುಹೋಗುವಂತೆ ಕಿರುಚುವಳು. ನೀಲವ್ವ ಗಡಿಬಿಡಿಯಲ್ಲಿ ಒಂದು ಮೀನು ಅವಳ ಬಾಯಿಗೆ ತುರುಕುವಳು. ಮೀನು ಮುಗಿದರೆ ಮತ್ತೆ ರಂಪ. ಈ ಗದ್ದಲಕ್ಕೆ ಹೆದರಿ ಮೀನುಗಳೆಲ್ಲ ಒಂದೊಂದಾಗಿ ಕೆಳಗಿನ ಹೊಳೆಗೆ ಜಾರಿಕೊಂಡವು. ತಾಯಿ ಮಗಳಿಗೆ ಅರೆಹೊಟ್ಟೆ. ಹೀಗೇ ಆದರೆ ಮಡು ಬಿಟ್ಟು ಹೋಗದೆ ಬೇರೆ ದಾರಿಯಿರಲಿಲ್ಲ.

ಒಂದು ದಿನ ಚಿಣ್ಣಿ ಕಿರುಚುತ್ತಲೇ ಬಂಡೆಯ ಹಿಂದಕ್ಕೆ ಓಡಿದಳು. ಸ್ವಲ್ಪ ಹೊತ್ತಿಗೆ ತಣ್ಣಗೆ ಮರಳಿ ಬಂದಳು. ಮರುದಿನವೂ ಹಾಗೇ ಆಯಿತು. ಬಂಡೆಯ ಹಿಂದೆ ಇದ್ದವನು ಕಲ್ಲಜ್ಜ ಎಂಬ ಮುದಿ ಆಮೆ.

ನೀಲವ್ವನಿಗೆ ಮತ್ತೆ ಅನುಮಾನ. ಮಗಳ ಬಾಯಿ ಮೂಸಿದಳು.

"ಆ ಮುದುಕ ಏನು ತಿನ್ನಿಸಿದ?"

"ಏನೂ ಇಲ್ಲಮ್ಮ."

"ಹೇಳಬೇಡ ಅಂದಿದ್ದಾನಾ?"

"ಇಲ್ಲಮ್ಮ!"

ಕೊಕ್ಕರೆಯನ್ನು ಕೇಳಿದಳು. "ಇಬ್ಬರೂ ಸುಮ್ಮನೆ ಕೂತಿರ್ತಾರೆ ಕಣೇ," ಎಂದಿತು ಕೊಕ್ಕರೆ.

"ನೀನೂ ಅವನ ಕಡೆಯವಳೇ!" ಎಂದು ನೀಲವ್ವ ಮುಖ ತಿರುವಿದಳು.

ಮರುದಿನ ಜೊಂಡಿನಲ್ಲಿ ಅಡಗಿ ಕೂತಳು. ಚಿಣ್ಣಿ ಮರಳಿನಲ್ಲಿ ಬಿದ್ದು ಹೊರಳಾಡುತ್ತಿದ್ದಳು. ಒಂದು ಎಲೆ ಉದುರಿದರೂ ತಲೆ ಒಳಗೆಳೆದುಕೊಳ್ಳುವ ಕಲ್ಲಜ್ಜ, ಅಷ್ಟು ಕಿರುಚಾಟಕ್ಕೂ ತಲೆ ಒಳಗೆಳೆಯದೆ ಅವಳ ಪಕ್ಕದಲ್ಲೇ ಕೂತಿದ್ದ. ಮೆಲ್ಲಗೆ ಏನೋ ಹೇಳಿದ. ಚಿಣ್ಣಿಯ ಹೊರಳಾಟ ನಿಧಾನವಾಯಿತು.

"ಮಂತ್ರ! ಮಂತ್ರವೇ ಹಾಕ್ತಿದ್ದಾನೆ!" ನೀಲವ್ವ ಎಗರಿ ಬಂದಳು. "ನನ್ನ ಮಗಳನ್ನ ನನ್ನಿಂದ ಕಿತ್ಕೊಳ್ತೀಯೇನೋ, ಕಳ್ಳ ಮುದುಕ!" ಬಾಲ ಬಡಿದಳು, ಕಲ್ಲು ಎಸೆದಳು, ಗಂಟಲು ಒಣಗುವವರೆಗೆ ಕಿರುಚಿದಳು. ಥೇಟ್ ಚಿಣ್ಣಿಯಂತೆಯೇ!

ಚಿಣ್ಣಿ ಎದ್ದು ಬಂದು ಅಮ್ಮನ ಮೈಗೆ ಒರಗಿ ಕೂತಳು.

"ಅಮ್ಮಾ, ನಿಂಗೆ ತುಂಬಾ ಸಿಟ್ಟು ಬಂದಿದೆ. ಭಯಾನೂ ಆಗಿದೆ. ಅದು ಹೋಗೋವರೆಗೂ ನಾನು ಇಲ್ಲೇ ಇರ್ತೀನಿ."

ನೀಲವ್ವನ ಬಾಲದ ಬಡಿತ ಮೆಲ್ಲಗೆ ನಿಂತಿತು. "ಕಲ್ಲಜ್ಜಾ, ಇವಳ ಪಕ್ಕ ಕೂತು ನೀವು ಹೇಳ್ತಿದ್ದದ್ದು ಇಷ್ಟೇನಾ?"

"ಇಷ್ಟೇ ಕಣಮ್ಮ."

ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಚಿಣ್ಣಿ ಪಕ್ಕದಿಂದ ಏಳಲಿಲ್ಲ.

ಅಂದಿಗೇ ರಚ್ಚೆ ನಿಂತಿತೆಂದು ತಿಳಿಯಬೇಡಿ. ಮರುದಿನವೂ ಚಿಣ್ಣಿ ಕಿರುಚಿದಳು. ಆದರೆ ಈ ಸಲ ನೀಲವ್ವ ಮೀನು ಹುಡುಕಲಿಲ್ಲ, ಯಾರನ್ನೂ ಬೈಯಲಿಲ್ಲ, ಮಗಳ ಪಕ್ಕ ಕೂತಳು. ದಿನದಿಂದ ದಿನಕ್ಕೆ ಗದ್ದಲ ಇಳಿಯಿತು, ಮೀನುಗಳು ಒಂದೊಂದಾಗಿ ಮಡುವಿಗೆ ಮರಳಿದವು.

ನೀತಿ: ಸಿಟ್ಟಿನಲ್ಲಿ ಅಳುವವರ ಬಾಯಿ ಮುಚ್ಚಿಸಲು ಹೋಗಬೇಡಿ, ಆ ಸಿಟ್ಟು ಇಳಿಯುವವರೆಗೆ ಅವರ ಪಕ್ಕದಲ್ಲಿ ಕೂತಿರಿ.