ತೊಳೆದ ಕಾಲನ್ನೇ ತೊಳೆದ ದೊರೆ

ದೇವಸಹಾಯ ದೊರೆಯ ಕೋಟೆ ಬಾಗಿಲಲ್ಲಿ ಡಂಗುರ ಹೊಡೆದು ಸಾರಿದ್ದು ಇಷ್ಟು: ಮೂರು ಒಗಟು ಒಡೆದವನಿಗೆ ಅರ್ಧ ರಾಜ್ಯ ಕೊಟ್ಟು ಮಗಳನ್ನೂ ಮದುವೆ ಮಾಡಿಕೊಡಲಾಗುವುದು, ತಪ್ಪಿದವನಿಗೆ ತಲೆದಂಡ. ಸಾರುವವನಿಗೇನು, ಅವನ ಕುತ್ತಿಗೆ ಗಟ್ಟಿಯಾಗಿಯೇ ಇತ್ತು.

ಒಗಟುಗಳು ದೊರೆಯವಲ್ಲ, ಅವನ ತಾಯಿಯವು. ಮುದಿರಾಣಿ ಸಾಯುವ ಮುಂಚೆ ಮಗನನ್ನು ಹತ್ತಿರ ಕರೆದು ಕೇಳಿದ್ದಳು: "ಹೊತ್ತವನಿಗೆ ಕಾಣದು, ಎದುರಿನವರಿಗೆ ಕಾಣುವುದು, ಯಾವುದು? ಕೋಟಿ ಜನ ಹೊಗಳಿದರೂ ಹೆಚ್ಚದು, ಕೋಟಿ ಜನ ಮರೆತರೂ ತಗ್ಗದು, ಯಾವುದು? ಎಲ್ಲಕ್ಕಿಂತ ಎತ್ತರದ್ದು ತನ್ನ ಪೂರಾ ಎತ್ತರ ತೋರಿಸಿದ್ದು ಎಲ್ಲಿ? ಉತ್ತರ ನಿನ್ನ ಅರಮನೆಯಲ್ಲೇ ಇದೆ ಮಗನೇ. ಸರಿಯಾದ ಉತ್ತರ ಕಿವಿಗೆ ಬಿದ್ದ ದಿನ ನಿನಗೆ ಸಿಂಹಾಸನದಲ್ಲಿ ಕೂತಿರಲು ಆಗುವುದಿಲ್ಲ, ಅದೇ ಗುರುತು."

ದೊರೆ ಹುಡುಕಿದ. ಇಗರ್ಜಿಯ ಪೀಠಕ್ಕೆ ಚಿನ್ನದ ತಗಡು ಹೊದಿಸಿ ನೋಡಿದ. ಉತ್ತರ ಸಿಗಲಿಲ್ಲ. ಸಿಗದ ಸಿಟ್ಟೇ ಡಂಗುರವಾಯಿತು.

ಅರಮನೆಯ ಹಿತ್ತಿಲಲ್ಲಿ ಇನ್ನಾಸಿ ಎಂಬ ನೀರು ಹೊರುವ ಆಳಿದ್ದ. ವರ್ಷಕ್ಕೊಂದು ದಿನ, ಪವಿತ್ರ ಗುರುವಾರ, ಅವನಿಗೆ ಬೇರೆ ಕೆಲಸ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ದೊರೆ ಇಗರ್ಜಿಯಲ್ಲಿ ಹನ್ನೆರಡು ಬಡವರ ಕಾಲು ತೊಳೆಯಬೇಕು. ದೊರೆಯ ಕೈಗೆ ಕೊಳೆ ಹತ್ತಬಾರದಲ್ಲ! ಅದಕ್ಕೆ ಇನ್ನಾಸಿ ಬೆಳಗ್ಗೆಯೇ ಅವರನ್ನು ಹಿತ್ತಿಲಲ್ಲಿ ಕೂರಿಸಿ, ಹಿಮ್ಮಡಿಯ ಒಡಕನ್ನೆಲ್ಲ ಸೀಗೆಪುಡಿ ಹಾಕಿ ಉಜ್ಜಿ, ಪನ್ನೀರು ಚಿಮುಕಿಸಿ ಕಳಿಸುತ್ತಿದ್ದ. ತೊಳೆದ ಕಾಲನ್ನೇ ದೊರೆ ತೊಳೆಯುತ್ತಿದ್ದ.

ಮುದಿರಾಣಿ ಮಾತ್ರ ಬದುಕಿರುವಷ್ಟು ಕಾಲ ಅಂದು ಇಗರ್ಜಿಗೆ ಹೋಗದೆ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಯಾಕಮ್ಮ ಎಂದು ಇನ್ನಾಸಿ ಕೇಳಿದರೆ, ಸ್ವಾಮಿಯ ಮಹಿಮೆ ನೋಡಬೇಕಾದರೆ ನಿನ್ನ ಬೋಗುಣಿ ಹತ್ತಿರವೇ ಬರಬೇಕು ಕಣೋ ಎನ್ನುತ್ತಿದ್ದಳು. ಹಾಗಾಗಿ ಆ ಒಗಟುಗಳು ಊರೆಲ್ಲ ಹಬ್ಬಿ ಕಿವಿಗೆ ಬಿದ್ದ ಕೂಡಲೇ ಅವನಿಗೆ ಉತ್ತರ ಹೊಳೆದಿತ್ತು. ಆಳಿಗೆ ಬಾಯಿ ಎಲ್ಲಿಯದು? ಹೆದರಿ ಸುಮ್ಮನಿದ್ದ.

ಮೊದಲು ನೆರೆಯ ಯುವರಾಜ ಬಂದ. ಕಿರೀಟ, ಸಮುದ್ರ, ಆಕಾಶ ಎಂದ. ದೊರೆ ಕೂತಲ್ಲೇ ಕೂತಿದ್ದ. ಯುವರಾಜನ ತಲೆ ಹೋಯಿತು. ಆಮೇಲೊಬ್ಬ ಪಂಡಿತ ಬಂದು ಮೂರು ತಾಸು ವ್ಯಾಖ್ಯಾನ ಮಾಡಿದ. ದೊರೆ ಆಕಳಿಸಿದ, ಪಂಡಿತನ ತಲೆಯೂ ಹೋಯಿತು.

ಮೂರನೆಯವನು ಇನ್ನಾಸಿಯ ಸ್ವಂತ ಅಣ್ಣ ಜ್ಞಾನಪ್ಪ, ಹಳ್ಳಿಯ ಇಗರ್ಜಿಯ ಉಪದೇಶಿ. ಅಪ್ಪ ಅಮ್ಮ ಒಂದೇ ಜ್ವರಕ್ಕೆ ಹೋದಾಗ ತಮ್ಮನನ್ನು ಹೆಗಲ ಮೇಲೆ ಹೊತ್ತು ಊರೂರು ಅಲೆದು ಸಾಕಿದವನು. ನಾಲ್ಕು ಅಕ್ಷರ ಕಲಿತು ದೊಡ್ಡವನಾದ ಮೇಲೆ ಅದೇ ಅಣ್ಣ ಹಬ್ಬದ ಪಂಕ್ತಿಯಲ್ಲಿ ಎಲ್ಲರ ಮುಂದೆ, ಕಾಲು ತೊಳೆಯುವವನು ಆ ಕಡೆ ಕೂತುಕೋ ಎಂದಿದ್ದ. ಆ ಮಾತು ಇನ್ನಾಸಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಜ್ಞಾನಪ್ಪ ಹಳ್ಳಿಯಿಂದ ಬರಿಗಾಲಲ್ಲಿ ನಡೆದು, ಮೊದಲು ಹಿತ್ತಿಲಿಗೇ ಬಂದ. "ಎರಡು ಒಗಟು ಬಿಡಿಸಿದ್ದೇನೆ ಇನ್ನಾಸಿ. ಮೂರನೆಯದು ಗಂಟಾಗಿ ಕೂತಿದೆ. ನೀನು ರಾಣಿಯಮ್ಮನ ಹತ್ತಿರ ಇದ್ದವನು, ಏನಾದರೂ ಅಂದಿದ್ದರೇನೋ?"

ಇನ್ನಾಸಿ ತಲೆ ಎತ್ತದೆ, "ಕಾಲು ತೊಳೆಯುವವನಿಗೆ ಏನು ಗೊತ್ತಣ್ಣ" ಎಂದ.

ಜ್ಞಾನಪ್ಪ ಆಸ್ಥಾನದ ಕಡೆ ನಡೆದ. ಪೂರಾ ಎತ್ತರ ಕಂಡದ್ದು ಸ್ವರ್ಗದ ಸಿಂಹಾಸನದಲ್ಲಿ ಎಂದು ಹೇಳಿದನಂತೆ. ದೊರೆ ಏಳಲಿಲ್ಲ. ಇನ್ನಾಸಿ ಕೊಡ ಬಿಸಾಕಿ ಓಡುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು ಎನ್ನುತ್ತಾರೆ; ಆಡದೆ ನುಂಗಿದ ಮಾತು ಅದಕ್ಕಿಂತ ಕೆಟ್ಟದ್ದು.

ಒದ್ದೆ ಪಂಚೆಯಲ್ಲೇ ಅವನು ಆಸ್ಥಾನದ ನಡುವೆ ಹೋಗಿ ನಿಂತ. ಕಾವಲಿನವರು ನಕ್ಕರು. ಬದುಕಬೇಕೆಂಬ ಆಸೆಯೇ ಇಲ್ಲದವನಿಗೆ ಯಾವ ನಗು, ಯಾವ ಕತ್ತಿ?

"ಮೂರಕ್ಕೂ ಒಂದೇ ಉತ್ತರ ದೊರೆಯೇ, ದೇವರ ಮಹಿಮೆ" ಎಂದ. "ಅದು ಯಾರ ಮುಖದ ಮೇಲೆ ಬೀಳುತ್ತದೋ ಅವನಿಗೆ ಕಾಣುವುದಿಲ್ಲ. ಬೆಟ್ಟ ಇಳಿದು ಬಂದ ಮೋಶೆಗೆ ತನ್ನ ಮುಖ ಹೊಳೆಯುವುದು ಗೊತ್ತಿರಲಿಲ್ಲ. ನನ್ನನ್ನು ಹೊತ್ತು ನಡೆದ ಅಣ್ಣನಿಗೂ ಗೊತ್ತಿರಲಿಲ್ಲ. ನಾವು ಹೊಗಳಿದರೆ ಅದು ಬೆಳೆಯುವುದಿಲ್ಲ. ಕಿಟಕಿ ತೆರೆದರೆ ಬಿಸಿಲು ಹೆಚ್ಚುತ್ತದೆಯೇ? ನಮ್ಮ ಮನೆಯೊಳಗೆ ಬೆಳಕಾಗುತ್ತದೆ, ಅಷ್ಟೆ."

"ಪೂರಾ ಎತ್ತರ ಕಂಡದ್ದು ಎಲ್ಲಿ?" ದೊರೆಯ ದನಿ ಸಣ್ಣದಾಗಿತ್ತು.

"ನೆಲದಲ್ಲಿ. ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಸ್ವಾಮಿ ಧೂಳು ಕಾಲುಗಳ ಮುಂದೆ ಬಗ್ಗಿದಾಗ. ಮರುದಿನ ಶಿಲುಬೆಯ ಮೇಲೆ ಕಳ್ಳರ ನಡುವೆ ಜೀವ ಬಿಟ್ಟಾಗ. ತನ್ನನ್ನು ಹಿಡಿದುಕೊಡಲಿದ್ದ ಶಿಷ್ಯನ ಕಾಲನ್ನೂ ಅಂದು ಅವರು ತೊಳೆದರು ದೊರೆಯೇ. ನಾನು ನನ್ನ ಅಣ್ಣನಿಗೆ ಒಂದು ಮಾತು ಹೇಳಲಾರದೆ ಹೋದೆ."

ದೊರೆ ಎದ್ದುಬಿಟ್ಟ. ಎದ್ದದ್ದು ಅವನಿಗೇ ತಿಳಿಯಲಿಲ್ಲ. ಅರ್ಧ ರಾಜ್ಯ ನಿನ್ನದು, ಮಗಳು ನಿನ್ನವಳು ಎಂದ. ಇನ್ನಾಸಿ ಎರಡೂ ಬೇಡ ಎಂದ. ಅಣ್ಣನ ದೇಹ ಕೊಡಿ, ಇನ್ನು ಯಾರ ತಲೆಯನ್ನೂ ತೆಗೆಯಬೇಡಿ ಎಂದು ಬೇಡಿದ.

ಎರಡನ್ನೂ ದೊರೆ ಕೊಟ್ಟ. ಹೆಣವನ್ನು ತಾನೇ ಮಣ್ಣಿಗೆ ಅಣಿ ಮಾಡುತ್ತೇನೆ ಎಂದು ನೆಲದ ಮೇಲೆ ಕೂತು ನೀರು ತರಿಸಿದ. ಆಳುಗಳು ಅಭ್ಯಾಸಬಲದಿಂದ ಪನ್ನೀರು ಹಿಡಿದು ಹೆಣದ ಕಾಲು ಚೊಕ್ಕ ಮಾಡಲು ಮುಂದೆ ಬಂದರು. ಇನ್ನಾಸಿ ತಡೆದ. ದಾರಿಯ ಧೂಳೆಲ್ಲ ಮೆತ್ತಿಕೊಂಡಿದ್ದ ಆ ಕಾಲನ್ನು ಹಾಗೇ ಹಿಡಿದು ದೊರೆ ಬರಿಗೈಯಲ್ಲಿ ತೊಳೆದ. ಬೋಗುಣಿಯ ನೀರು ಮಣ್ಣು ಕದಡಿ ಕೆಂಪಾಯಿತು. ದೊರೆ ಬಿಕ್ಕಿ ಅತ್ತ. ತಾನು ತೆಗೆಸಿದ ಮೂರು ತಲೆಗಳಿಗೂ ಸೇರಿಸಿ ಅತ್ತ.

ಇನ್ನಾಸಿ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದ. ಅಲೆಯುತ್ತಿದ್ದ ದಿನಗಳಲ್ಲಿ ಸಂಜೆ ಯಾವ ಊರು ಸೇರಿದರೂ ಅಣ್ಣ ಮೊದಲು ಬಾವಿ ಹುಡುಕಿ ತಮ್ಮನಾದ ತನ್ನ ಪುಟ್ಟ ಕಾಲು ತೊಳೆಯುತ್ತಿದ್ದದ್ದು ನೆನಪಾಯಿತು. "ಊರಿನ ಕಾಲೆಲ್ಲ ತೊಳೆದೆ ಅಣ್ಣ," ಎಂದ, "ನಿನ್ನದನ್ನು ಒಂದು ಸಲವೂ ತೊಳೆಯಲಿಲ್ಲ." ಅಣ್ಣ ಕೇಳುವ ಹೊತ್ತು ದಾಟಿತ್ತು.