ಹಳ್ಳದ ತಿರುವಿನ ಗರಿಕೆ

ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಕೆಂದನಿಗೆ ಹಳ್ಳದ ತಿರುವು ಬಂದರೆ ಸಾಕು, ಕಣ್ಣು ಮುಚ್ಚಿ ಓಡುವ ಚಾಳಿ. ಹಿಂದೊಮ್ಮೆ ಗಾಡಿ ಮಗುಚಿ ಅವನ ಕೊಂಬು ಮುರಿದದ್ದು ಅಲ್ಲೇ.

"ಮೂರು ವರ್ಷವಾಯಿತು ಮಾರಾಯ! ನೀನು ಓಡಿದಾಗೆಲ್ಲ ಉಳುಕುವುದು ನನ್ನ ಕತ್ತು," ಎಂದು ಜೊತೆಯ ಎತ್ತು ಮಾಸ ರೇಗಿದ.

"ಏನು ಮಾಡಲಿ? ಇಲ್ಲಿಗೆ ಬಂದರೆ ಆ ದಿನವೇ ಕಾಣುತ್ತದೆ."

"ಕಣ್ಣು ಮುಚ್ಚಿದರೆ ಇನ್ನೇನು ಕಂಡೀತು? ಇವತ್ತು ನಿಂತು ನೋಡು!" ಮಾಸ ಕಾಲೂರಿ ನಿಂತೇಬಿಟ್ಟ.

ಓಡಲಾಗದೆ ಕೆಂದ ಮೆಲ್ಲನೆ ಕಣ್ಣು ಬಿಟ್ಟ. ಗಾಡಿ ಬಿದ್ದ ಜಾಗದಲ್ಲಿ ಎಳೆ ಗರಿಕೆ ಬೆಳೆದಿತ್ತು. ಮೂಸಿದ, ಒಂದು ಬಾಯಿ ತಿಂದ.

ಮರುದಿನ ಅವನು ಅಲ್ಲೇ ನಿಂತುಬಿಟ್ಟ.

"ಮತ್ತೆ ಆ ದಿನ ನೆನಪಾಯಿತೇ?" ಮಾಸ ಗೋಳಾಡಿದ.

"ಆಯಿತು. ನಿನ್ನೆಯ ರುಚಿಯೂ ನೆನಪಾಯಿತು," ಎಂದ ಕೆಂದ, ಗರಿಕೆಗೆ ಬಾಯಿ ಹಾಕುತ್ತ.