ಹೊಸ ಕಾರ್ಡಿನ ಅವಸರ

ನಾಗವೇಣಿಯ ಕಂಪ್ಯೂಟರಿನೊಳಗೆ ಹಳೆಯದೊಂದು, ಹೊಸದೊಂದು, ಹೀಗೆ ಎರಡು ಗ್ರಾಫಿಕ್ಸ್ ಕಾರ್ಡುಗಳು ಸರದಿಯ ಮೇಲೆ ಆಟದ ಚಿತ್ರ ಬರೆಯುತ್ತಿದ್ದವು. ಆದರೂ ಅವಳ ರೇಸ್ ಕಾರು ತಡವರಿಸಿ ತಡವರಿಸಿ ಗೋಡೆಗೆ ಗುದ್ದುತ್ತಿತ್ತು.

"ಇವತ್ತು ಸರಿಹೋಗದಿದ್ದರೆ ಒಂದನ್ನು ಕಿತ್ತುಹಾಕ್ತೀನಿ," ಎಂದಳು ಅವಳು.

"ಈ ಮುದುಕನನ್ನೇ ಕೀಳಲಿ. ನಾನಾದರೆ ಕ್ಷಣದಲ್ಲಿ ಮುಗಿಸುತ್ತೇನೆ," ಎಂದಿತು ಹೊಸ ಕಾರ್ಡು.

ಪರದೆ ಸಿಡುಕಿತು: "ಅದೇ ತೊಂದರೆ ಮಾರಾಯ! ಅವನ ಚಿತ್ರ ತೋರಿಸುವಷ್ಟರಲ್ಲೇ ನಿನ್ನದನ್ನು ತಂದು ಬಿಸಾಕುತ್ತೀಯ. ಆಮೇಲೆ ಅವನ ಮುಂದಿನದು ಬರುವ ತನಕ ನಾನು ಬಾಯಿ ಬಿಟ್ಟುಕೊಂಡು ಕಾಯಬೇಕು."

ಅಷ್ಟರಲ್ಲಿ ನಾಗವೇಣಿ ಸೆಟ್ಟಿಂಗ್ ತೆರೆದು ಎರಡಕ್ಕೂ ಒಂದೇ ವೇಗದ ಮಿತಿ ಹಾಕಿದಳು. ಚಿತ್ರಗಳು ಸಮ ಅಂತರದಲ್ಲಿ ಒಂದರ ಹಿಂದೊಂದು ಬರತೊಡಗಿದವು. ಕಾರು ಸಲೀಸಾಗಿ ತಿರುವು ದಾಟಿ ಎಲ್ಲರನ್ನೂ ಹಿಂದೆ ಹಾಕಿತು.

"ನೋಡಿದೆಯಾ ನನ್ನ ವೇಗ!" ಎಂದು ಹೊಸ ಕಾರ್ಡು ಬೀಗಿತು.

"ನೋಡಿದೆನಪ್ಪ," ಎಂದಿತು ಹಳೆಯದು. "ಈಗ ನಿನ್ನ ಸರದಿ. ಮುಂದೆ ಇನ್ನೊಂದು ತಿರುವಿದೆ."